ಮೊದಲು ಕೇಳೋಣ, ಆಮೇಲೆ ಕಟ್ಟೋಣ: ತಾಂಡಾ, ಹಟ್ಟಿಗಳ ಜನರೊಂದಿಗೆ ಅಭಿವೃದ್ಧಿಯ ಮಾತು

ಮಂಗಳೂರು, ಉಡುಪಿ, ಕುಂದಾಪುರ ಕಡೆಗಳಲ್ಲಿ ಕಟ್ಟಡ ಏಳುತ್ತಿರಲಿ, ರಸ್ತೆ ಅಗಲವಾಗುತ್ತಿರಲಿ, ಕೇಬಲ್ ಹಾಕಲು ಗುಂಡಿ ತೋಡುತ್ತಿರಲಿ, ಅಲ್ಲಿ ಬಯಲುಸೀಮೆಯ ಕೂಲಿಯಾಳುಗಳು ಕಾಣಸಿಗುತ್ತಾರೆ. ನಾವು ಅವರನ್ನೆಲ್ಲ ಒಟ್ಟು ಸೇರಿಸಿ 'ಘಟ್ಟದ ಮೇಲಿನವರು' ಎಂದು ಕರೆದು ಸುಮ್ಮನಾಗುತ್ತೇವೆ. ಊರು ಯಾವುದೆಂದು ಕೇಳಿದರೆ ಕೆಲವರು ಬಾಗಲಕೋಟೆ, ಗದಗ, ಕೊಪ್ಪಳ ಎನ್ನುತ್ತಾರೆ. ಇನ್ನು ಕೆಲವರು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಎನ್ನುತ್ತಾರೆ. ಅವರು ಅಲ್ಲಿಂದ ಇಲ್ಲಿಗೆ ಯಾಕೆ ಬಂದರು, ಅವರ ಊರಿನಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಏನು ನಡೆಯುತ್ತಿದೆ, ಆ ಅಭಿವೃದ್ಧಿಯಲ್ಲಿ ಅವರ ಮಾತಿಗೆ ಸ್ಥಾನ ಇದೆಯೇ ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಕಡಿಮೆ.

ನಮ್ಮ ಧರ್ಮಪ್ರಾಂತ್ಯಗಳ ಸಮಾಜಸೇವಾ ಕಾರ್ಯಕರ್ತರು, ಧರ್ಮಭಗಿನಿಯರು, ಯುವಜನರು ಬಯಲುಸೀಮೆಯ ಹಳ್ಳಿಗಳಿಗೆ ಸೇವೆಗೆ ಹೋಗುವುದುಂಟು. ಅಲ್ಲಿಯ ಜನರೂ ದುಡಿಮೆಗಾಗಿ ನಮ್ಮಲ್ಲಿಗೆ ಬರುತ್ತಾರೆ. ಹೀಗಿರುವಾಗ ಬುಡಕಟ್ಟು ಮತ್ತು ಅಲೆಮಾರಿ ಮೂಲದ ಸಮುದಾಯಗಳೊಂದಿಗೆ ಗೌರವದಿಂದ ವ್ಯವಹರಿಸುವುದು ಎಂದರೇನು ಎಂಬುದನ್ನು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ವಿಜಯನಗರ ಜಿಲ್ಲೆಯ ಐದು ತಾಲೂಕುಗಳನ್ನು ಮುಂದಿಟ್ಟುಕೊಂಡು ಅದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಐದು ತಾಲೂಕುಗಳ ಪರಿಚಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ 2021ರಲ್ಲಿ ರಾಜ್ಯದ 31ನೇ ಜಿಲ್ಲೆಯಾಗಿ ಇದನ್ನು ರಚಿಸಲಾಯಿತು. ಹೊಸಪೇಟೆ ಜಿಲ್ಲಾ ಕೇಂದ್ರ. 1953ರ ಅಕ್ಟೋಬರ್ 1ರವರೆಗೆ ಈ ಭಾಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರಕ್ಕೆ ಸೇರಿದೆ. ಧರ್ಮಸಭೆಯ ಆಡಳಿತದಲ್ಲಿ ಈ ಪ್ರದೇಶ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುತ್ತದೆ.

ಮಳೆಯನ್ನೇ ನಂಬಿದ ಬೇಸಾಯ, ಮೆಕ್ಕೆಜೋಳ, ಶೇಂಗಾ, ಜೋಳ, ಕುರಿ ಮೇಕೆ ಸಾಕಣೆ ಇಲ್ಲಿಯ ಬದುಕು. ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ಪ್ರಾದೇಶಿಕ ಅಸಮಾನತೆಯ ವರದಿಯಲ್ಲಿ ರಾಜ್ಯದ 39 ತಾಲೂಕುಗಳನ್ನು 'ಅತ್ಯಂತ ಹಿಂದುಳಿದ' ತಾಲೂಕುಗಳೆಂದು ಗುರುತಿಸಲಾಯಿತು. ಕೂಡ್ಲಿಗಿ ಮತ್ತು ಹರಪನಹಳ್ಳಿ ಆ ಪಟ್ಟಿಯಲ್ಲಿದ್ದವು. ಆದರೆ ಹಿಂದುಳಿದದ್ದು ತಾಲೂಕೇ ಹೊರತು ಅಲ್ಲಿಯ ಜನರ ತಿಳಿವಳಿಕೆ ಅಲ್ಲ. ಈ ವ್ಯತ್ಯಾಸವನ್ನು ಮರೆತರೆ ಅಭಿವೃದ್ಧಿಯ ಮಾತು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಇಲ್ಲಿ ಮೂಲನಿವಾಸಿಗಳು ಯಾರು?

'ಆದಿವಾಸಿ' ಎಂದೊಡನೆ ನಮಗೆ ಕಾಡಿನೊಳಗಿನ ಹಾಡಿ ನೆನಪಾಗುತ್ತದೆ. ನಮ್ಮ ಕರಾವಳಿಯ ಕೊರಗರು, ಕೊಡಗು ಮೈಸೂರು ಕಡೆಯ ಜೇನುಕುರುಬರು ಕಣ್ಣ ಮುಂದೆ ಬರುತ್ತಾರೆ. ವಿಜಯನಗರ ಜಿಲ್ಲೆಯ ಚಿತ್ರ ಬೇರೆ. ಇಲ್ಲಿ ಮುಖ್ಯವಾಗಿ ಎರಡು ದೊಡ್ಡ ಸಮುದಾಯಗಳಿವೆ.

ಮೊದಲನೆಯದು ನಾಯಕ ಸಮುದಾಯ. ಬೇಡ, ವಾಲ್ಮೀಕಿ ಎಂಬ ಹೆಸರುಗಳೂ ಇವೆ. ಇವರಲ್ಲಿ ಊರುನಾಯಕರು ಮತ್ತು ಮ್ಯಾಸನಾಯಕರು ಎಂಬ ಎರಡು ವಿಭಾಗಗಳು. ಕೂಡ್ಲಿಗಿಯಿಂದ ಚಳ್ಳಕೆರೆ, ಮೊಳಕಾಲ್ಮುರು ತನಕ ಮ್ಯಾಸನಾಯಕರ ಹಟ್ಟಿಗಳು ಹರಡಿಕೊಂಡಿವೆ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳಲ್ಲಿ ಪಾಳೆಯಗಾರರಾಗಿ ಆಳಿದ ಇತಿಹಾಸ ನಾಯಕರಿಗಿದೆ. 1991ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ನಾಯಕ, ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಕೂಡ್ಲಿಗಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ.

ಎರಡನೆಯದು ಲಂಬಾಣಿ ಅಥವಾ ಬಂಜಾರ ಸಮುದಾಯ. ಇವರ ವಾಸಸ್ಥಳ ತಾಂಡಾ, ಮನೆಮಾತು ಗೋರ್ ಬೋಲಿ. ತಾಂಡಾದಲ್ಲಿ ನಾಯಕ್, ಕಾರಭಾರಿ, ಡಾವ್ ಎಂಬ ಹಿರಿಯರ ವ್ಯವಸ್ಥೆ ಇದೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ತಾಲೂಕುಗಳಲ್ಲಿ ತಾಂಡಾಗಳು ಬಹಳ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ಮತ್ತು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಜನ ಒಂದೇ, ಭಾಷೆ ಒಂದೇ, ಆದರೆ ಗಡಿ ದಾಟಿದೊಡನೆ ಪಟ್ಟಿ ಬದಲಾಗುತ್ತದೆ. ಇವರಲ್ಲದೆ ಕಾಡುಗೊಲ್ಲರು, ಕೊರಮರು, ಬುಡ್ಗಜಂಗಮರಂಥ ಸಮುದಾಯಗಳೂ ಈ ಬಯಲಿನಲ್ಲಿವೆ.

ಹಾಗಾದರೆ ಇವರನ್ನು 'ಮೂಲನಿವಾಸಿಗಳು' ಎನ್ನಬಹುದೇ? 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತವೂ ಪರವಾಗಿ ಮತ ಹಾಕಿತು. ಆದರೆ ಸ್ವಾತಂತ್ರ್ಯಾನಂತರದ ಭಾರತದಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರಕಾರದ ನಿಲುವು. ಹೆಸರಿನ ಚರ್ಚೆ ಏನೇ ಇರಲಿ, ತಮ್ಮದೇ ಭಾಷೆ, ಆಚಾರ, ಹಿರಿಯರ ಕಟ್ಟೆ ಇರುವ, ಭೂಮಿ ಮತ್ತು ಕಾವಲುಗಳ ಮೇಲೆ ಅವಲಂಬಿಸಿರುವ, ದಾಖಲೆಗಳಲ್ಲಿ ಹಿಂದೆ ಉಳಿದಿರುವ ಸಮುದಾಯಗಳಿಗೆ ಆ ಘೋಷಣೆಯ ಮೂಲತತ್ವ ಅನ್ವಯಿಸುತ್ತದೆ. ಅವರ ನೆಲದ ಬಗ್ಗೆ ತೀರ್ಮಾನ ಮಾಡುವ ಮೊದಲು ಅವರ ಮುಕ್ತವಾದ, ಮುಂಚಿತವಾದ, ವಿಷಯ ತಿಳಿದುಕೊಂಡು ಕೊಟ್ಟ ಒಪ್ಪಿಗೆ ಬೇಕು ಎಂಬುದೇ ಆ ತತ್ವ.

ಹಿಂದೆ ಆದದ್ದೇನು?

ಇಲ್ಲಿಯ ಜನ ಹೊರಗಿನವರ ಯೋಜನೆಗಳನ್ನು ಸಂಶಯದಿಂದ ನೋಡಿದರೆ ಅದಕ್ಕೆ ಕಾರಣಗಳಿವೆ.

ಲಂಬಾಣಿಗರು ಒಂದು ಕಾಲದಲ್ಲಿ ಎತ್ತುಗಳ ಹಿಂಡು ಕಟ್ಟಿಕೊಂಡು ಉಪ್ಪು, ದವಸಧಾನ್ಯ ಸಾಗಿಸುತ್ತಿದ್ದ ವ್ಯಾಪಾರಿಗಳು. 1791-92ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರೂ ಇವರೇ. ರೈಲು ಬಂತು, ಉಪ್ಪಿನ ಮೇಲೆ ಬ್ರಿಟಿಷ್ ಸರಕಾರದ ಹಿಡಿತ ಬಿಗಿಯಾಯಿತು, ಅವರ ಕಸುಬು ಕುಸಿಯಿತು. ಕಸುಬು ಕಳೆದುಕೊಂಡವರಿಗೆ ಆಸರೆ ಸಿಗಲಿಲ್ಲ, ಕಳಂಕ ಅಂಟಿತು. 1871ರ 'ಅಪರಾಧಿ ಬುಡಕಟ್ಟು' ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. ಲಂಬಾಣಿಗರು, ಕೊರಮರು ಹಲವು ಕಡೆ ಈ ಕಾಯ್ದೆಯ ಹಿಡಿತಕ್ಕೆ ಸಿಕ್ಕರು. ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ, 1952ರಲ್ಲಿ ಅದು ರದ್ದಾಯಿತು.

ಆ ಕಾಯ್ದೆಯಡಿ ಜನರನ್ನು 'ಸುಧಾರಿಸಲು' ತೆರೆದ ವಸತಿಗಳಲ್ಲಿ ಕೆಲವನ್ನು ಕ್ರೈಸ್ತ ಸಂಘಟನೆಗಳೇ ನಡೆಸಿದವು ಎಂಬುದನ್ನು ನಾವು ತಿಳಿದಿರಬೇಕು. ಆಂಧ್ರದ ಸ್ಟೂವರ್ಟ್‌ಪುರಂನಲ್ಲಿ ಸಾಲ್ವೇಶನ್ ಆರ್ಮಿ ನಡೆಸಿದ ವಸತಿ ಇದಕ್ಕೆ ಹೆಸರಾದ ಉದಾಹರಣೆ. ಸೇವೆಯ ಉದ್ದೇಶ ಇದ್ದಿರಬಹುದು. ಆದರೆ ಅಲ್ಲಿ ಜನ ತಮ್ಮ ಇಷ್ಟದಿಂದ ಬಂದವರಲ್ಲ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ವಸತಿ ಶಾಲೆಗಳಲ್ಲಿ ಧರ್ಮಸಭೆಯ ಸದಸ್ಯರು ವಹಿಸಿದ ಪಾತ್ರಕ್ಕಾಗಿ ದಿವಂಗತ ಪೋಪ್ ಫ್ರಾನ್ಸಿಸ್ 2022ರ ಜುಲೈಯಲ್ಲಿ ಅಲ್ಲಿಗೆ ಹೋಗಿ ಕ್ಷಮೆ ಕೇಳಿದರು. ಒಳ್ಳೆಯ ಮನಸ್ಸೊಂದಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯದ ನಂತರದ ಕಥೆಯನ್ನೂ ನೋಡೋಣ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯ ಕೆಲಸ 1953ರಲ್ಲಿ ಪೂರ್ಣಗೊಂಡಿತು. ಸುಮಾರು 90 ಹಳ್ಳಿಗಳು ಮುಳುಗಿದವು. ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಕಡೆಗೂ ಹಿನ್ನೀರು ಚಾಚಿಕೊಂಡಿತು. ದೊಡ್ಡ ಕಾಲುವೆಗಳು ಮಾತ್ರ ಕೆಳಗಿನ ಬಳ್ಳಾರಿ, ರಾಯಚೂರು, ಆಂಧ್ರದ ಗದ್ದೆಗಳ ಕಡೆಗೆ ಹರಿದವು. ಎತ್ತರದ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಹೊಲಗಳು ಮಳೆಗೆ ಕಾಯುತ್ತಲೇ ಉಳಿದವು. ಪಕ್ಕದ ಸಂಡೂರು, ಹೊಸಪೇಟೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿಮೀರಿ, 2011ರಲ್ಲಿ ಲೋಕಾಯುಕ್ತ ವರದಿ ಬಂದು, ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗಣಿಯ ಲಾಭ ಕೆಲವರ ಪಾಲಾಗಿತ್ತು. ಕೆಲಸ ನಿಂತಾಗ ಮೊದಲು ಬರಿಗೈಯಾದವರು ಕೂಲಿಗಳು.

ಈಗ ಬಾಗಿಲಿಗೆ ಬಂದಿರುವುದು

ಇಂದು ಈ ತಾಲೂಕುಗಳಿಗೆ ಅಭಿವೃದ್ಧಿ ಹೊಸ ರೂಪದಲ್ಲಿ ಬರುತ್ತಿದೆ. ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಜನ ಅವುಗಳನ್ನು 'ಫ್ಯಾನು' ಎಂದೇ ಕರೆಯುತ್ತಾರೆ. ಬಿಸಿಲು ಧಾರಾಳವಾಗಿರುವ ಬಯಲುಸೀಮೆಯಲ್ಲಿ ಸೌರ ವಿದ್ಯುತ್ತಿಗಾಗಿ ಹೊಲ ಗುತ್ತಿಗೆಗೆ ಕೇಳುವವರು ಬರುತ್ತಾರೆ. ಹೊಗೆಯಿಲ್ಲದ ವಿದ್ಯುತ್ತು ದೇಶಕ್ಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಅದರ ದಾರಿಯಲ್ಲಿ. ಗುಡ್ಡಕ್ಕೆ ರಸ್ತೆ ಕಡಿದಾಗ ಮೇಕೆ ಹೋಗುವ ಹಾದಿ ಏನಾಯಿತು? ಬೇಲಿ ಹಾಕಿದ ಮೇಲೆ ಸೌದೆ, ಹುಲ್ಲು, ಸೀತಾಫಲ ಆರಿಸುತ್ತಿದ್ದ ಹೆಂಗಸರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗಳನ್ನು ಕೆಲಸ ಮುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಇದರ ಜೊತೆಗೆ ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ತಾಂಡಾ, ಹಟ್ಟಿಗಳಲ್ಲಿ ತಲೆಮಾರುಗಳಿಂದ ಮನೆ ಕಟ್ಟಿಕೊಂಡಿದ್ದರೂ ಅನೇಕರಿಗೆ ಆ ಜಾಗದ ಪತ್ರ ಇರಲಿಲ್ಲ. ಊರು ಇದ್ದರೂ ಕಂದಾಯ ದಾಖಲೆಯಲ್ಲಿ ಊರು ಇರಲಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 38ಎ ಎಂಬ ಕಲಂ ಸೇರಿಸಿ, ದಾಖಲೆರಹಿತ ಜನವಸತಿಗಳಲ್ಲಿ ವಾಸಿಸುವವರಿಗೆ ಮನೆಜಾಗದ ಹಕ್ಕು ಕೊಡಲು ದಾರಿ ಮಾಡಲಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಲಾಯಿತು. 2025ರ ಮೇ 20ರಂದು ಹೊಸಪೇಟೆಯಲ್ಲೇ ನಡೆದ ಸಮಾವೇಶದಲ್ಲಿ 1,11,111 ಹಕ್ಕುಪತ್ರಗಳ ವಿತರಣೆ ಆಯಿತು. ಇಬ್ಬರು ಬೇರೆ ಬೇರೆ ಪಕ್ಷದವರು ಆಳಿದ ಕಾಲದಲ್ಲೂ ಈ ಕೆಲಸ ಮುಂದುವರಿದದ್ದು ಸಮಾಧಾನದ ಸಂಗತಿ. ಆದರೂ ಒಂದು ಮಾತನ್ನು ಗಮನಿಸಬೇಕು. ಈ ಹಕ್ಕುಪತ್ರ ಮನೆಜಾಗಕ್ಕೆ ಸಂಬಂಧಿಸಿದ್ದು. ಉಳುವ ಬಗರ್‌ಹುಕುಂ ಜಮೀನು, ದನ ಮೇಯುವ ಕಾವಲು ಇದರಲ್ಲಿ ಬರುವುದಿಲ್ಲ.

ಪಾವಗಡದ ಪಾಠ

ಹತ್ತಿರದಲ್ಲೇ ಒಂದು ಅನುಭವ ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ರೈತರಿಂದ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಖರೀದಿಸಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ, 28 ವರ್ಷದ ಗುತ್ತಿಗೆ. ಬರಗಾಲದಲ್ಲಿ ಬೆಂದ ರೈತನಿಗೆ ಇದು ದೊಡ್ಡ ಆಸರೆ. ಭೂಮಿಯ ಒಡೆತನವೂ ಅವನಲ್ಲೇ ಉಳಿಯುತ್ತದೆ. ಆ ದೃಷ್ಟಿಯಿಂದ ಇದೊಂದು ಒಳ್ಳೆಯ ಮಾದರಿ.

ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರು ಇದ್ದವರಿಗೆ. ಆ ಹೊಲಗಳಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ಬದುಕುತ್ತಿದ್ದ ಭೂರಹಿತ ಕೂಲಿಗಳಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಇಲ್ಲ. ಬೇಲಿ ಬಿದ್ದ ಮೇಲೆ ಅವರಿಗೆ ಉಳಿದದ್ದು ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ. ಅದು ಎಲ್ಲರಿಗೂ ಸಾಕಾಗುವಷ್ಟಿಲ್ಲ. ಒಂದೇ ಯೋಜನೆ ಒಂದು ಮನೆಗೆ ವರವಾಗಿ ಪಕ್ಕದ ಮನೆಗೆ ಗುಳೆಯ ಕಾರಣವಾಗಬಹುದು ಎಂಬುದೇ ಪಾವಗಡದ ಪಾಠ. ವಿಜಯನಗರ ಜಿಲ್ಲೆಯ ತಾಂಡಾಗಳಲ್ಲಿ ಪತ್ರವಿಲ್ಲದೆ ಉಳುವವರು, ಭೂಮಿಯೇ ಇಲ್ಲದವರು ಬಹಳ ಮಂದಿ. ಆದುದರಿಂದ ಇಲ್ಲಿ ಈ ಪಾಠ ಇನ್ನೂ ಮುಖ್ಯ.

ಕಾನೂನು ಏನು ಹೇಳುತ್ತದೆ?

ಕಾರ್ಯಕರ್ತರಿಗೆ ಉಪಯೋಗವಾಗಲೆಂದು ಮುಖ್ಯವಾದ ಕೆಲವನ್ನು ಸರಳವಾಗಿ ಕೊಡುತ್ತಿದ್ದೇವೆ.

1. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳು ಕರ್ನಾಟಕದಲ್ಲಿ ಇಲ್ಲ. ಹಾಗಾಗಿ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗೆ ವಿಶೇಷ ಅಧಿಕಾರ ಕೊಡುವ 1996ರ 'ಪೇಸಾ' ಕಾಯ್ದೆ ಇಲ್ಲಿ ಅನ್ವಯಿಸುವುದಿಲ್ಲ. ಇಲ್ಲಿಯ ಜನರಿಗೆ ಇರುವುದು ಸಾಮಾನ್ಯ ಗ್ರಾಮಸಭೆ ಮತ್ತು ವಾರ್ಡ್ ಸಭೆ. ಅದನ್ನು ಗಟ್ಟಿ ಮಾಡಿಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ.

2. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸವಾಗಿದ್ದು, ಬದುಕಿಗೆ ಅದನ್ನೇ ನಂಬಿದ್ದರೆ ಹಕ್ಕು ಕೇಳಬಹುದು. ಇತರರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಇದರಿಂದ ಒಂದೇ ಗುಡ್ಡದ ಬುಡದಲ್ಲಿ ಬದುಕುವ ನಾಯಕ ಕುಟುಂಬಕ್ಕೆ ಒಂದು ನಿಯಮ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಾಗಿರುವ ಲಂಬಾಣಿ ಕುಟುಂಬಕ್ಕೆ ಇನ್ನೊಂದು ನಿಯಮ ಆಗುತ್ತದೆ. ಕಾಗದಪತ್ರ ಇಲ್ಲದಿದ್ದರೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷಿಯಾಗಿ ಕೊಡಲು ನಿಯಮಗಳಲ್ಲಿ ಅವಕಾಶ ಇದೆ. ಇದು ಅನೇಕರಿಗೆ ಗೊತ್ತಿಲ್ಲ.

3. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು ತಡೆಯುತ್ತದೆ. ಕೈತಪ್ಪಿದ ಜಮೀನನ್ನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಆಯಿತು. ಗುತ್ತಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕುವ ಮೊದಲು ಜಮೀನು ಯಾವ ಬಗೆಯ ಮಂಜೂರಾತಿಯದು ಎಂದು ತಿಳಿಯಬೇಕು.

4. 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಯೋಜನೆಗೆ ಶೇಕಡಾ 80ರಷ್ಟು, ಸರಕಾರಿ–ಖಾಸಗಿ ಪಾಲುದಾರಿಕೆಗೆ ಶೇಕಡಾ 70ರಷ್ಟು ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು ಎನ್ನುತ್ತದೆ. ಆ ಭೂಮಿಯನ್ನು ನಂಬಿದ ಕೂಲಿಗಳನ್ನೂ, ಗೇಣಿದಾರರನ್ನೂ 'ಬಾಧಿತ ಕುಟುಂಬ'ದ ವ್ಯಾಖ್ಯೆಯಲ್ಲಿ ಸೇರಿಸಿದೆ. ಕರ್ನಾಟಕ 2019ರ ತಿದ್ದುಪಡಿಯ ಮೂಲಕ ಕೆಲವು ಬಗೆಯ ಯೋಜನೆಗಳಿಗೆ ಇದರಲ್ಲಿ ವಿನಾಯಿತಿ ನೀಡಿದೆ. ನೇರ ಗುತ್ತಿಗೆಯಂತೂ ಸ್ವಾಧೀನವೇ ಅಲ್ಲವಾದ್ದರಿಂದ ಈ ರಕ್ಷಣೆ ಅಲ್ಲಿಗೆ ತಲಪುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ ಕಾನೂನು ಒಂದಷ್ಟು ಬೇಲಿ ಹಾಕಿದೆ, ಆದರೆ ಬೇಲಿಯಲ್ಲಿ ಕಂಡಿಗಳೂ ಇವೆ. ಆ ಕಂಡಿಗಳನ್ನು ಮುಚ್ಚುವುದು ನ್ಯಾಯಬುದ್ಧಿಯ ಕೆಲಸ. ಕಾನೂನು ಕೇಳದಿದ್ದರೂ ಕೇಳಬೇಕಾದವರನ್ನು ಕೇಳುವುದೇ ಗೌರವ.

ಒಪ್ಪಿಗೆ ಯಾವಾಗ ನಿಜವಾದ ಒಪ್ಪಿಗೆ?

ಸಭೆ ಕರೆದೆವು, ಸಹಿ ಆಯಿತು, ಫೋಟೋ ತೆಗೆದೆವು ಎಂದರೆ ಒಪ್ಪಿಗೆ ಸಿಕ್ಕಿತು ಎಂದು ಭಾವಿಸುವವರು ಹೆಚ್ಚು. ಈ ತಾಲೂಕುಗಳ ಬದುಕಿನ ಲಯವನ್ನು ನೋಡಿದರೆ ಇದು ಎಷ್ಟು ಸಡಿಲ ಎಂದು ಗೊತ್ತಾಗುತ್ತದೆ.

ಮೊದಲನೆಯದು ಕಾಲ. ಇಲ್ಲಿಯ ತಾಂಡಾಗಳ ಜನ ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ಕೊಯ್ಲಿಗೆ ಚಿಕ್ಕಮಗಳೂರು, ಕೊಡಗಿಗೆ ಗುಳೆ ಹೋಗುತ್ತಾರೆ. ದೀಪಾವಳಿ ಕಳೆದ ಮೇಲೆ ಹಲವು ತಾಂಡಾಗಳಲ್ಲಿ ಉಳಿಯುವುದು ಮುದುಕರು ಮತ್ತು ಮಕ್ಕಳು. ಜನವರಿಯಲ್ಲಿ ಮಧ್ಯಾಹ್ನ ಹನ್ನೊಂದು ಗಂಟೆಗೆ ಕರೆದ ಸಭೆಯಲ್ಲಿ ತಾಂಡಾ ಒಪ್ಪಿತು ಎಂದು ಬರೆದುಕೊಂಡರೆ ಅದು ಕಾಗದದ ಒಪ್ಪಿಗೆ. ದೀಪಾವಳಿ, ಹೋಳಿಯ ಆಸುಪಾಸಿನಲ್ಲಿ, ಜನ ಊರಿನಲ್ಲಿ ಇರುವಾಗ, ಸಂಜೆ ಹೊತ್ತು ಮಾತಾಡಬೇಕು.

ಎರಡನೆಯದು ಭಾಷೆ. ಗಂಡಸರು ಕನ್ನಡ ಚೆನ್ನಾಗಿ ಆಡುತ್ತಾರೆ. ಹಿರಿಯ ಹೆಂಗಸರಿಗೆ ಗೋರ್ ಬೋಲಿಯಲ್ಲಿ ಹೇಳಿದರೆ ಮಾತ್ರ ವಿಷಯ ಮನಸ್ಸಿಗೆ ಹೋಗುತ್ತದೆ. 'ಮೆಗಾವಾಟ್', 'ಲೀಸ್', 'ಎನ್.ಓ.ಸಿ.' ಎಂಬ ಪದಗಳನ್ನು ಎಷ್ಟು ಸಲ ಹೇಳಿದರೂ ತಿಳಿಸಿದಂತಾಗುವುದಿಲ್ಲ. ಎಷ್ಟು ವರ್ಷ, ಎಷ್ಟು ದುಡ್ಡು, ನಡುವೆ ಬಿಡಬಹುದೇ, ಮೇಕೆ ಒಳಗೆ ಬಿಡುತ್ತೀರಾ ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಬೇಕು.

ಮೂರನೆಯದು ಕಟ್ಟೆ. ತಾಂಡಾದಲ್ಲಿ ನಾಯಕ್ ಮತ್ತು ಕಾರಭಾರಿಯನ್ನು, ಮ್ಯಾಸನಾಯಕರ ಹಟ್ಟಿಯಲ್ಲಿ ಕಟ್ಟೆಮನೆಯ ಹಿರಿಯರನ್ನು ಬಿಟ್ಟು ಮಾತು ಶುರು ಮಾಡುವುದು ಅಗೌರವ. ಆದರೆ ಅವರಲ್ಲಿಗೆ ಮಾತು ಮುಗಿಸುವುದೂ ತಪ್ಪು. ಕಟ್ಟೆಯ ಮೇಲೆ ಹೆಂಗಸರು ಕೂರುವುದಿಲ್ಲ, ಗುತ್ತಿಗೆದಾರರ ಮುಂದೆ ಬಡವರು ಬಾಯಿ ತೆರೆಯುವುದಿಲ್ಲ. ಆದ್ದರಿಂದ ಹೆಂಗಸರೊಂದಿಗೆ, ಭೂಮಿ ಇಲ್ಲದವರೊಂದಿಗೆ, ಕುರಿಗಾಹಿಗಳೊಂದಿಗೆ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕು.

ನಾಲ್ಕನೆಯದು 'ಬೇಡ' ಎನ್ನುವ ಸ್ವಾತಂತ್ರ್ಯ. ಬೇಡ ಎಂದರೆ ರೇಷನ್ ಕಾರ್ಡಿಗೆ, ಮನೆ ಮಂಜೂರಾತಿಗೆ ತೊಂದರೆಯಾದೀತು ಎಂಬ ಹೆದರಿಕೆ ಇದ್ದರೆ ಆ ಒಪ್ಪಿಗೆಗೆ ಬೆಲೆ ಇಲ್ಲ. ಮೊದಲು ಬೇಡ ಎಂದವರು ಆರು ತಿಂಗಳ ಮೇಲೆ ಹೌದು ಎನ್ನಬಹುದು. ಹೌದು ಎಂದವರಿಗೆ ಷರತ್ತು ಬದಲಾದಾಗ ಮತ್ತೆ ಕೇಳಿಸಿಕೊಳ್ಳುವ ಹಕ್ಕು ಇರಬೇಕು.

ಆಚಾರ ತಿಳಿಯದ ಸಹಾಯ

ಒಳ್ಳೆಯ ಯೋಜನೆಯೂ ಆಚಾರ ತಿಳಿಯದೆ ಹೋದರೆ ಕೆಡುತ್ತದೆ. ಸ್ವಉದ್ಯೋಗ ಎಂದೊಡನೆ ನಾವು ಕೋಳಿಮರಿ ಕೊಡುವ ಯೋಚನೆ ಮಾಡುತ್ತೇವೆ. ಹಳೆಯ ಕಟ್ಟುಪಾಡು ಬಿಡದ ಮ್ಯಾಸನಾಯಕರ ಹಟ್ಟಿಯಲ್ಲಿ ಕೋಳಿ ನಿಷಿದ್ಧ. ಅವರು ಕೋಳಿ ತಿನ್ನುವುದಿಲ್ಲ, ಹಟ್ಟಿಯೊಳಗೆ ಬಿಡುವುದಿಲ್ಲ. ಅಂಥ ಕಡೆ ಕೋಳಿಗೂಡು ಹಂಚಿ, ಆಮೇಲೆ ಈ ಜನಕ್ಕೆ ಉದ್ಧಾರವಾಗುವ ಮನಸ್ಸಿಲ್ಲ ಎಂದು ವರದಿ ಬರೆದರೆ ತಪ್ಪು ಯಾರದು?

ಅದೇ ಹಟ್ಟಿಗಳಲ್ಲಿ 'ದೇವರ ಎತ್ತು'ಗಳ ಸಂಪ್ರದಾಯ ಇದೆ. ಇವುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿ ಎಂಬ ಪಾಲಕರು ಅವುಗಳನ್ನು ಕಾವಲಿನಲ್ಲಿ ಮೇಯಿಸುತ್ತಾರೆ. ಲೆಕ್ಕಪುಸ್ತಕದಲ್ಲಿ ಇವು ಆದಾಯವಿಲ್ಲದ ದನಗಳು. ಸಮುದಾಯಕ್ಕೆ ಅವು ತಮ್ಮ ಹಿರಿಯರ, ವೀರರ, ದೇವರ ಗುರುತು. ಕಾವಲಿಗೆ ಬೇಲಿ ಹಾಕುವವರಿಗೆ ಈ ವಿಷಯ ಗೊತ್ತಿರಬೇಕು. ನಮ್ಮ ಊರಿನ ಸಿಮಿತ್ರಿಯ ಜಾಗವನ್ನು ಯಾರಾದರೂ ಉಪಯೋಗವಿಲ್ಲದ ಜಮೀನು ಎಂದರೆ ನಮಗೆ ಹೇಗಾಗುತ್ತದೆ ಎಂದು ಯೋಚಿಸಿದರೆ ಸಾಕು.

ಜನರ ಕೈಯಲ್ಲಿ ಇರುವುದರಿಂದಲೇ ಆರಂಭ

ಅವರಲ್ಲಿ ಏನಿಲ್ಲ ಎಂದು ನೋಡುವುದಕ್ಕಿಂತ ಏನಿದೆ ಎಂದು ನೋಡಿದ ಕಡೆ ಕೆಲಸ ನಿಂತಿದೆ. ನೆರೆಯ ಸಂಡೂರಿನಲ್ಲಿ ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಂಗಸರ ಕಸೂತಿಯನ್ನು ಮಾರುಕಟ್ಟೆಗೆ ತಲಪಿಸುತ್ತಿದೆ. ಹೆಂಗಸರು ಅಜ್ಜಿಯಿಂದ ಕಲಿತ ಹೊಲಿಗೆಯನ್ನೇ ಹೊಲಿಯುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ–20 ಸಭೆ ನಡೆದಾಗ 450ಕ್ಕೂ ಹೆಚ್ಚು ಕುಶಲಕರ್ಮಿ ಹೆಂಗಸರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಹಡಗಲಿಯ ಮಲ್ಲಿಗೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದರಿಂದಲೇ ಹೂವಿನಹಡಗಲಿ ಎಂಬ ಹೆಸರು ಬಂತು ಎನ್ನುತ್ತಾರೆ. ಶಂಕರಪುರದ ಉಡುಪಿ ಮಲ್ಲಿಗೆಯಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕ ಇದೆ. ಶಂಕರಪುರದಲ್ಲಿ ಬೆಳೆಗಾರರು ಚೆಂಡು, ಅಟ್ಟೆ ಲೆಕ್ಕದಲ್ಲಿ ಹೂವು ಕಟ್ಟಿ, ದಿನದ ದರ ತಿಳಿದು ಮಾರುವ ಕ್ರಮವನ್ನು ಬಹುಕಾಲದಿಂದ ಉಳಿಸಿಕೊಂಡು ಬಂದಿದ್ದಾರೆ. ಎರಡೂ ಕಡೆಯ ಬೆಳೆಗಾರರು ಒಮ್ಮೆ ಕುಳಿತು ಮಾತಾಡಿದರೆ ಇಬ್ಬರಿಗೂ ಕಲಿಯುವುದಿದೆ.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಮತ್ತೊಂದು ಉದಾಹರಣೆ. ಸುಮಾರು 98 ಹೆಕ್ಟೇರಿನ ಈ ಊರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆಯ ಜಾಲಿಮರಗಳನ್ನೂ ಹಕ್ಕಿಗಳನ್ನೂ ಕಾಪಾಡಿಕೊಂಡು ಬಂದವರು ಅಲ್ಲಿಯ ಹಳ್ಳಿಗರು. ಜನರನ್ನು ಹೊರಗಿಡದೆಯೂ ಪ್ರಕೃತಿ ಉಳಿಯುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ನಮ್ಮ ಧರ್ಮಕೇಂದ್ರಗಳು ಏನು ಮಾಡಬಹುದು?

2015ರ 'ಲಾವ್ದಾತೋ ಸೀ' ಪರಿಪತ್ರದಲ್ಲಿ ಪೋಪ್ ಫ್ರಾನ್ಸಿಸ್, ಮೂಲನಿವಾಸಿಗಳ ನೆಲವನ್ನು ಮುಟ್ಟುವ ದೊಡ್ಡ ಯೋಜನೆಗಳ ಸಂದರ್ಭದಲ್ಲಿ ಅವರೇ ಸಂವಾದದ ಮುಖ್ಯ ಪಾಲುದಾರರಾಗಬೇಕು ಎಂದು ಹೇಳಿದ್ದಾರೆ. ಇದನ್ನು ಕಾರ್ಯರೂಪಕ್ಕೆ ತರಲು ದೊಡ್ಡ ಹಣ ಬೇಕಿಲ್ಲ.

ಇಲ್ಲಿ, ನಮ್ಮ ಊರಿನಲ್ಲಿ: ನಿಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಶೆಡ್ಡುಗಳಲ್ಲಿ ವಾಸಿಸುವ ವಲಸೆ ಕುಟುಂಬಗಳು ಎಷ್ಟು, ಯಾವ ತಾಲೂಕಿನವು ಎಂದು ಪಾಲನಾ ಮಂಡಳಿ ತಿಳಿದುಕೊಳ್ಳಲಿ. ಮಕ್ಕಳು ಶಾಲೆಗೆ ಹೋಗುತ್ತಾರೆಯೇ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯೇ, ಊರಿನಲ್ಲಿ ಹಕ್ಕುಪತ್ರ ಬಂದಿದೆಯೇ ಎಂದು ವಿಚಾರಿಸಲಿ. ನಾವು ಕೆಲಸ ಕೊಡುವವರಾದರೆ ಕೂಲಿಯನ್ನು ಮೇಸ್ತ್ರಿಯ ಕೈಗೆ ಮಾತ್ರ ಕೊಟ್ಟು ಕೈತೊಳೆದುಕೊಳ್ಳದೆ, ಅದು ಆಳಿಗೆ ತಲಪಿತೇ ಎಂದು ನೋಡೋಣ. ಅವರನ್ನು ಹೆಸರು ಹಿಡಿದು ಕರೆಯುವುದು, ಹಿರಿಯರಿಗೆ ಬಹುವಚನ ಬಳಸುವುದು ಕೂಡ ಗೌರವದ ಭಾಗ.

ಅಲ್ಲಿ, ಸೇವೆಗೆ ಹೋಗುವಾಗ: ಯೋಜನೆಯನ್ನು ಮಂಗಳೂರಿನಲ್ಲಿ ಬರೆದು ತಾಂಡಾದಲ್ಲಿ ಓದಿ ಹೇಳುವ ಕ್ರಮ ಬೇಡ. ಬಳ್ಳಾರಿ ಧರ್ಮಪ್ರಾಂತ್ಯದವರೊಂದಿಗೆ, ಗ್ರಾಮ ಪಂಚಾಯತಿಯೊಂದಿಗೆ, ಸಮುದಾಯದ ಸಂಘಟನೆಗಳೊಂದಿಗೆ ಮಾತಾಡಿ. ಮೊದಲ ಭೇಟಿಗಳಲ್ಲಿ ಏನನ್ನೂ ಹಂಚಬೇಡಿ, ಕೇಳಿಸಿಕೊಳ್ಳಿ. ಸೇವೆಯನ್ನು ಮತದೊಂದಿಗೆ ಗಂಟು ಹಾಕಬೇಡಿ; ಸೇವಾಲಾಲರ ಗುಡಿಗೆ, ಹಟ್ಟಿಯ ದೇವರಿಗೆ ನಡೆದುಕೊಳ್ಳುವವರನ್ನು ಅವರಿದ್ದಂತೆಯೇ ಗೌರವಿಸಿ. ಹಣದ ಲೆಕ್ಕವನ್ನು ಅವರ ಮುಂದೆ ಓದಿ ಹೇಳಿ. ಹೊರಡುವ ದಿನ ಕೆಲಸ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಬರುವ ದಿನವೇ ತೀರ್ಮಾನಿಸಿ.

ಹತ್ತಿರದ ಕೊರಗರನ್ನೂ ಮರೆಯದಿರೋಣ. ಡಾ. ಮಹಮ್ಮದ್ ಪೀರ್ ಸಮಿತಿ ಕೊರಗ ಕುಟುಂಬಗಳಿಗೆ ತಲಾ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿ ಮೂರು ದಶಕಗಳು ಕಳೆದಿವೆ. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ದೂರದ ಕೂಡ್ಲಿಗಿಯ ಬಗ್ಗೆ ಮಾತಾಡುವ ನಾವು ಪಕ್ಕದ ಕೊರಗ ಕಾಲನಿಗೆ ಹೋಗಿ ಅವರ ಭೂಮಿಯ ಅರ್ಜಿ ಎಲ್ಲಿಗೆ ಬಂತು ಎಂದು ವಿಚಾರಿಸಬಹುದು.

ಪ್ರಿಯ ಓದುಗರೇ, ಅಭಿವೃದ್ಧಿ ಬೇಡ ಎನ್ನುವವರು ತಾಂಡಾಗಳಲ್ಲೂ ಇಲ್ಲ, ಹಟ್ಟಿಗಳಲ್ಲೂ ಇಲ್ಲ. ನೀರು, ರಸ್ತೆ, ಶಾಲೆ, ಊರಲ್ಲೇ ದುಡಿಮೆ ಅವರಿಗೂ ಬೇಕು. ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿ, ಮಕ್ಕಳನ್ನು ಶಾಲೆ ಬಿಡಿಸಿ ಗುಳೆ ಹೋಗುವುದು ಯಾರಿಗೂ ಇಷ್ಟದ ಕೆಲಸವಲ್ಲ. ಅವರು ಕೇಳುವುದು ಇಷ್ಟೇ: ನಮ್ಮ ನೆಲದ ಬಗ್ಗೆ ಮಾತಾಡುವಾಗ ನಮ್ಮನ್ನೂ ಕೂರಿಸಿಕೊಳ್ಳಿ. ಬರುವ ದೀಪಾವಳಿಗೆ ನಿಮ್ಮ ಊರಿನ ಕೆಲಸದ ಶೆಡ್ಡುಗಳಿಂದ ಯಾರಾದರೂ ಹರಪನಹಳ್ಳಿ ಬಸ್ಸು ಹತ್ತುವುದಿದ್ದರೆ, ಹೊರಡುವ ಮುನ್ನ ಅವರ ಊರಿನ ಸಮಾಚಾರ ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.